ಇನ್ನಾಸಪ್ಪ ಗಂಟೆ ಬಾರಿಸದ ಭಾನುವಾರ

ಹನೂರಿನಾಚೆ, ಕಾಡಂಚಿನ ನಮ್ಮ ಕ್ರೈಸ್ತರ ಹಳ್ಳಿಯಲ್ಲಿ ಇನ್ನಾಸಪ್ಪ ಇಪ್ಪತ್ತು ವರ್ಷ ಉಪದೇಶಿಯಾಗಿದ್ದ. ಮಕ್ಕಳಿಗೆ ಜಪ ಕಲಿಸುವುದು, ಪೂಜೆಯಲ್ಲಿ ಗಂಟೆ ಬಾರಿಸುವುದು ಅವನ ಕೆಲಸ. ಪೂಜೆಯಲ್ಲಿ ಕ್ರಿಸ್ತನ ಶರೀರವಾಗುವ ಅಪ್ಪ, ಅಂದರೆ ತೆಳ್ಳನೆಯ ಗೋಧಿ ಬಿಲ್ಲೆ, ಸುಡುವುದು ಹೆಂಡತಿ ಆರೋಗ್ಯಮ್ಮನ ಕೆಲಸ. ಇನ್ನಾಸಪ್ಪ ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬೀಗವಿರಲಿಲ್ಲ.

ಹಿಂದಿದ್ದ ಫ್ರೆಂಚ್ ಸ್ವಾಮಿಗಳು, ಅಂದರೆ ಪಾದ್ರಿಗಳು, ಅವನ ತಲೆಗೆ ಹುಳ ಬಿಟ್ಟು ಹೋಗಿದ್ದರು. ಮುನ್ನೂರು ವರ್ಷದ ಹಿಂದೆ ಅವರ ದೇಶದಲ್ಲೊಬ್ಬ ತತ್ವಜ್ಞಾನಿ ಇದ್ದನಂತೆ. ಎಲ್ಲವನ್ನೂ ಸಂಶಯಪಟ್ಟು ನೋಡು, ಸಂಶಯಪಡುವ ನೀನಿದ್ದೀಯ ಎಂಬುದೊಂದು ಅಲುಗದೆ ಉಳಿಯುತ್ತದೆ, ಅಲ್ಲಿಂದ ದೇವರ ತನಕ ಬುದ್ಧಿ ಹಿಡಿದೇ ನಡೆಯಬಹುದು ಎಂದನಂತೆ. ಅವನೂ ಕಥೋಲಿಕನೇ. ಆದರೂ ಅವನ ಪುಸ್ತಕಗಳನ್ನು ತಿದ್ದುವ ತನಕ ಓದಕೂಡದೆಂದು ರೋಮಿನವರು ಅಪ್ಪಣೆ ಮಾಡಿದ್ದರಂತೆ.

ಅರವತ್ತಮೂರರಲ್ಲಿ ಹೊಸ ಸ್ವಾಮಿಗಳು ಬಂದರು. ಆ ತತ್ವಜ್ಞಾನಿಯ ಮಾತು ಹಿಡಿದು ಮಕ್ಕಳೆದುರಿಗೇ ಇನ್ನಾಸಪ್ಪ ಅವರನ್ನು ಕೇಳಿಬಿಟ್ಟ: "ಬಣ್ಣ, ರುಚಿ ಎಲ್ಲಾ ನಮ್ ಮನಸ್ನಲ್ಲಿರದು, ವಸ್ತು ಅಂದ್ರೆ ಬರೀ ಉದ್ದ ಅಗಲ ಅಂತಾನೆ ಆವಯ್ಯ. ಅಂಗಾರೆ ಅಪ್ಪ ಕ್ರಿಸ್ತನ ಶರೀರ ಆದ್ಮೇಲೆ ಅಲ್ಲಿ ಉಳಿಯೋ ಬಿಳುಪು ಯಾರ್ದು ಸಾಮಿ?"

ಮಕ್ಕಳಲ್ಲಿ ಸಂಶಯ ಬಿತ್ತಿದನೆಂದು ಸ್ವಾಮಿಗಳು ಕೆಂಡವಾದರು. "ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೆದುರು ತಪ್ಪಾಯಿತು ಅನ್ನು. ಇಲ್ಲವಾದರೆ ನಿನ್ನ ಮಗಳ ಮೂರನೇ ಓಲೆ ಓದುವುದಿಲ್ಲ."

ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರು ಪೂಜೆಯಲ್ಲಿ ಓದಲೇಬೇಕು, ಅದೇ ಓಲೆ. ಮೂರನೆಯದು ನಿಂತರೆ ಮದುವೆಯೂ ನಿಂತಂತೆ. ಇನ್ನಾಸಪ್ಪ ತಪ್ಪಾಯಿತು ಅನ್ನಲು ಒಪ್ಪಿದ. ಹೆಣ್ಣು ಹೆತ್ತವನು ಇನ್ನೇನು ಮಾಡಿಯಾನು?

ಭಾನುವಾರ ಬೆಳಿಗ್ಗೆ ತಟ್ಟೆಗೆ ಅಪ್ಪ ಜೋಡಿಸುವಾಗ ಒಂದು ಪುಡಿಯಾಯಿತು. ಬಿಳುಪು ಹೆಚ್ಚಾಗಿತ್ತು. ಅವನು ಹೆಂಡತಿಯನ್ನು ದೇವಾಲಯದ ಬಾಗಿಲಿಗೆ ಕರೆದು ಕೇಳಿದ.

"ಗೋದಿ ಇಟ್ಟು ಸಾಲ್ನಿಲ್ಲ. ಅರ್ಧಕ್ಕರ್ಧ ಅಕ್ಕಿ ಇಟ್ಟು ಬೆರೆಸ್ದೆ," ಎಂದಳು ಆರೋಗ್ಯಮ್ಮ. "ಬಣ್ಣ ರುಚಿ ಎಲ್ಲಾ ನಮ್ ಮನಸ್ನಲ್ಲಿರದು ಅಂತ ನೀವೇ ಏಳಿದ್ರಲ್ಲ. ಗೋದಿಯಾದ್ರೇನು ಅಕ್ಕಿಯಾದ್ರೇನು?"

ಅಪ್ಪ ಅಪ್ಪಟ ಗೋಧಿಯದಲ್ಲದಿದ್ದರೆ ಪೂಜೆ ಪೂಜೆಯೇ ಅಲ್ಲ, ಇದು ಧರ್ಮಸಭೆಯ ಕಟ್ಟಳೆ. ಹೇಳಿದರೆ ಸ್ವಾಮಿಗಳ ಸಿಟ್ಟು ಎಲ್ಲಿಗೆ ಮುಟ್ಟುತ್ತದೋ, ಮಗಳ ಓಲೆ ಏನಾಗುತ್ತದೋ! ಅಷ್ಟರಲ್ಲಿ ಸ್ವಾಮಿಗಳು ಪೀಠದ ಕಡೆ ಹೊರಟರು. ಇನ್ನಾಸಪ್ಪ ಅದೇ ತಟ್ಟೆ ಹಿಡಿದು ಹಿಂದೆ ನಡೆದ.

ಆ ಪೂಜೆಯಲ್ಲಿ ನಾನೂ ಇದ್ದೆ. ಅಪ್ಪವನ್ನು ಕ್ರಿಸ್ತನ ಶರೀರವಾಗಿಸುವ ಮಾತು ಹೇಳಲು ಸ್ವಾಮಿಗಳು ಅದರ ಮೇಲೆ ಬಾಗಿದರು. ಆಗ ಇನ್ನಾಸಪ್ಪ ಗಂಟೆ ಬಾರಿಸಬೇಕು, ನಾವು ತಲೆ ಬಾಗಿಸಬೇಕು. ಗಂಟೆ ಕೇಳಲಿಲ್ಲ.

"ಬ್ಯಾಡಿ ಸಾಮಿ!" ಎಂದು ಇನ್ನಾಸಪ್ಪ ಕೂಗಿದ. "ಅದ್ರಲ್ಲಿ ಅಕ್ಕಿ ಇಟ್ಟು ಅದೆ!"

ಹೆಂಗಸರ ಕಡೆ ಆರೋಗ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಾಮಿಗಳು ತಿರುಗಿ ನಿಧಾನವಾಗಿ ಕೇಳಿದರು: "ಬರೀ ಉದ್ದ ಅಗಲ ಅಂದವನು ನೀನೇ ಅಲ್ಲವೇ? ಅಕ್ಕಿಯಾದರೆ ನಿನಗೇನಾಗಬೇಕಿತ್ತು?"

"ಗೊತ್ತಿಲ್ಲ ಸಾಮಿ," ಎಂದ ಇನ್ನಾಸಪ್ಪ ಅಳುತ್ತಾ. "ಅದರ್ ಮುಂದೆ ಜನ ಮಂಡಿ ಊರವ್ರೆ. ನಾನೂ ಊರಿವ್ನಿ."

ಹಿಂದಿನ ವಾರದ, ಬರೀ ಗೋಧಿಯ ಅಪ್ಪವೊಂದು ಡಬ್ಬಿಯಲ್ಲಿತ್ತು. ಅದರಲ್ಲೇ ಪೂಜೆ ಮುಗಿಯಿತು. ತಪ್ಪಾಯಿತು ಅನ್ನಲು ಇನ್ನಾಸಪ್ಪ ಜನರೆದುರು ಎದ್ದು ನಿಂತ. ಸ್ವಾಮಿಗಳು ಅವನಿಗೆ ಕೂರುವಂತೆ ಕೈಸನ್ನೆ ಮಾಡಿದರು. ಓಲೆ ಬಿಡಿಸಿ, ಅವನ ಮಗಳ ಹೆಸರು ಓದಿದರು.