ನೀರುಗಂಟಿಯ ಎಡೆಯೂಟ

ಬೆಳಕವಾಡಿ ಸೀಮೆಯಲ್ಲಿ ನೀರುಗಂಟಿ ಕೆಂಪಸಿದ್ದಯ್ಯನ ಬಾಯಿಗೆ ಹೆದರದವರಿರಲಿಲ್ಲ. ನಾಲೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವುದು ಅವನ ಕೆಲಸ. ಸರದಿ ತಪ್ಪಿಸಿ ತೂಬಿಗೆ ಕೈ ಹಾಕಿದವನು ಊರ ಯಜಮಾನನೇ ಆಗಿರಲಿ, "ಮುಚ್ಲಾ ತೂಬ್ನ, ನಿಮ್ಮಪ್ಪ ಕಟ್ಸಿದ್ ನಾಲೆನಾ?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದ. ಇಂಥ ಆಸಾಮಿ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಹೆಂಡತಿಗೆ.

ಮದುವೆಯಾದ ಹೊಸತು. ಕಾಮಾಕ್ಷಮ್ಮ ಬೋಟಿ ಗೊಜ್ಜು ಮಾಡಿ ಬಡಿಸಿ, ಎದುರಿಗೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು. ಕುರಿಯ ಕರುಳಿನ ವಾಸನೆಗೇ ಅವನಿಗೆ ವಾಕರಿಕೆ. ಆದರೂ ಆ ಎಳೆ ಮುಖ ಬಾಡಬಾರದೆಂದು, "ಪಸಂದಾಗದೆ ಕಣಮ್ಮಿ" ಅಂದುಬಿಟ್ಟ. ಮುಗಿಯಿತು ಕಥೆ. ಊರಲ್ಲಿ ಕುರಿ ಕಡಿದಾಗಲೆಲ್ಲ ಮೂವತ್ತೆಂಟು ವರ್ಷ ಬೋಟಿಯೇ. ಅವಳು ತನಗೊಂದು ಚೂರೂ ಇಟ್ಟುಕೊಳ್ಳದೆ ಎಲ್ಲವನ್ನೂ ಅವನ ತಟ್ಟೆಗೇ ಸುರಿಯುತ್ತಿದ್ದಳು.

ತಾನು ಸತ್ತಾಗ, ಸದ್ಯ, ಬೋಟಿಯ ಕಾಟ ತಪ್ಪಿತು ಅಂದುಕೊಂಡ. ಮೇಲಿನ ಕಾನೂನೇ ಬೇರೆ ಇತ್ತು. ಸತ್ತವರಿಗೆ ವರ್ಷಕ್ಕೆ ಒಂದೇ ಊಟ, ಪಿತೃಪಕ್ಷದಲ್ಲಿ ಮನೆಯವರು ಇಟ್ಟ ಎಡೆ. ಕಾಗೆಯೊಳಗೆ ಕೂತು ಬಂದು ತಿಂದು ಹೋಗಬೇಕು. ಕೊಕ್ಕರೆ ಬೆಳ್ಳೂರಿನ ಸತ್ತವರು ತಮಗೆ ಕೊಕ್ಕರೆಯೇ ಬೇಕೆಂದು ಪಟ್ಟು ಹಿಡಿದು ನೋಡಿದರು. "ಕಾಗೆ ಬುಟ್ರೆ ಬ್ಯಾರೆ ಗಾಡಿ ಇಲ್ಲ. ಅತ್ತುದ್ರೆ ಅತ್ತಿ, ಇಲ್ದಿದ್ರೆ ಉಪಾಸ ಬಿದ್ದಿರಿ" ಎಂದ ಯಮನ ಕಡೆಯ ಗುಮಾಸ್ತ. ಅವನೂ ಮದ್ದೂರಿನ ಕಡೆಯವನೇ ಇರಬೇಕು.

ಎರಡು ವರ್ಷ ಕೆಂಪಸಿದ್ದಯ್ಯ ಹಸಿದು ಬಂದು ಬೋಟಿ ತಿಂದು ಹೋದ. ಮೂರನೆಯ ವರ್ಷ ಗಟ್ಟಿ ಮನಸ್ಸು ಮಾಡಿದ. ಕಾಗೆ ಮುಟ್ಟದಿದ್ದರೆ ಮನೆಯವರು ಎಡೆ ಬದಲಾಯಿಸಲೇಬೇಕು. ಮುದ್ದೆ, ಹುರುಳಿಕಾಳಿನ ಉಪ್ಸಾರು ಸಿಕ್ಕರೆ ಸತ್ತಿದ್ದೂ ಸಾರ್ಥಕ.

ಮಧ್ಯಾಹ್ನ ಹನ್ನೆರಡಕ್ಕೆ ತಾರಸಿಯ ಮೇಲೆ ಎಲೆ ಬಿತ್ತು. ಕಾಗೆ ಕಂಬಿಯ ಮೇಲೆ ಕೂತು ಮುಖ ತಿರುಗಿಸಿತು. ಒಂದು ಗಂಟೆಯಾಯಿತು, ಎರಡಾಯಿತು.

"ಅತ್ತೆ, ಸುಗರ್ ಮಾತ್ರೆ ತಗೋಬೇಕು ನೀವು, ಒಂದ್ ತುತ್ತು ಉಣ್ಣಿ" ಎಂದಳು ಸೊಸೆ ಬಿಂದುಶ್ರೀ.

"ಅವ್ರು ಉಣ್ದೆ ನಾನ್ ಯಾವತ್ ಉಂಡಿದೀನವ್ವ?" ಕಾಮಾಕ್ಷಮ್ಮನ ಸೆರಗು ಕಣ್ಣಿಗೆ ಹೋಯಿತು.

"ಬ್ಯಾರೆ ಏನಾರ ಇಕ್ಕನ್ವಾ? ಮಾವುಂಗೆ ಬೋಟಿ ಸಾಕಾಗಿರ್ಬೋದು."

"ಸುಮ್ಕಿರು. ಬೋಟಿ ಅಂದ್ರೆ ಪ್ರಾಣ ಅವ್ರಿಗೆ. ಇಲ್ದಿದ್ರೆ ಆ ನಾತನ ನಾನ್ ಮುಟ್ತಿದ್ನಾ? ನಮ್ಮತ್ತೆ ಮಾಡು ಅಂದ್ಲು ಅಂತ ಮೊದಲ್ನೇ ಸಲ ಮಾಡ್ದೆ, ಪಸಂದಾಗದೆ ಅಂದ್ರು. ಅವತ್ತಿಂದ ಮೂಗ್ಗೆ ಸೆರಗ್ ಕಟ್ಕಂಡು ತೊಳೀತಾ ಇವ್ನಿ. ಒಂದಿನಾನೂ ಬಾಯ್ಗೆ ಆಕ್ಕಂಡಿಲ್ಲ, ವಾಕರಿಕೆ ಬತ್ತದೆ."

ಕಾಗೆಯೊಳಗಿದ್ದ ಕೆಂಪಸಿದ್ದಯ್ಯನಿಗೆ ಮೊದಲು ನಗು ಬಂತು, ಅದರ ಹಿಂದೆಯೇ ತಡೆಯಲಾರದ ಸಂಕಟ. ಊರಿಗೆಲ್ಲ ನೇರ ಮಾತಾಡಿದ ಬಾಯಿ, ಈಗ ತೆರೆದರೆ ಬರೀ ಕಾ ಕಾ. ಕೆಳಗೆ ಅವಳು ಮಾತ್ರೆಯನ್ನೂ ಮುಟ್ಟದೆ ಕೂತಿದ್ದಳು. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ, ಇನ್ನು ಸ್ವಲ್ಪ ಹೊತ್ತು ಹೀಗೇ ಕೂತರೆ ಇವತ್ತೇ ತನ್ನ ಪಕ್ಕಕ್ಕೆ ಬಂದು ಕೂರುತ್ತಾಳೆ.

ಹಾರಿ ಎಲೆಯ ಮೇಲೆ ಇಳಿದ. ಕಣ್ಣು ಮುಚ್ಚಿ, ಒಂದು ಚೂರೂ ಬಿಡದೆ ನುಂಗಿದ.

"ನೋಡ್ದಾ?" ಕಾಮಾಕ್ಷಮ್ಮ ಕಣ್ಣೊರೆಸಿಕೊಂಡು ನಕ್ಕಳು. "ಕಮ್ಮಿ ಇಕ್ಕುದ್ವಿ ಅಂತ ಮುನಿಸ್ಕಂಡಿದ್ರು ಕಣವ್ವ. ಓಗು, ಪಾತ್ರೇಲಿರಾದ್ನೆಲ್ಲ ತಂದು ಬಡ್ಸು."