ವಾಸನೆ ಬರೋವರೆಗೂ ಬ್ಲೀಚ್

ಬಿಸಿ ಒಬ್ಬಟ್ಟಿಗೆ ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ತಿನ್ನುವವರು ಏನನ್ನಬೇಕು?

ನಾನು "ಚೆನ್ನಾಗಿದೆ ಅತ್ಗೆ" ಅಂದೆ.

ಹೊಳೆನರಸೀಪುರದಲ್ಲಿರುವ ನನ್ನ ಅಣ್ಣನ ಹೆಂಡತಿ ಜಯಮ್ಮ ಆರ್ಡರ್ ಮೇಲೆ ಒಬ್ಬಟ್ಟು ಮಾಡಿಕೊಡುತ್ತಾರೆ. ಗೃಹಪ್ರವೇಶವೋ ಸೀಮಂತವೋ, ಮೊದಲ ಫೋನ್ ಇವರಿಗೆ. ಅರಕಲಗೂಡು, ಚನ್ನರಾಯಪಟ್ಟಣದಿಂದ ಕಾರು ಮಾಡಿಕೊಂಡು ಬಂದು ಡಬ್ಬ ತುಂಬಿಸಿಕೊಂಡು ಹೋಗುವವರಿದ್ದಾರೆ. ಇದ್ದಾರೆ ಅಲ್ಲ, ಇದ್ದರು. ಈಚೆಗೆ ಫೋನು ತಣ್ಣಗಾಗಿದೆ.

"ನನ್ ಕೈಗುಣ ಓಯ್ತೇನೋ ಕಣವ್ವ" ಅಂದರು ಅತ್ತಿಗೆ. "ಬೆಲ್ಲ ಬದ್ಲಾಯಿಸ್ದೆ, ಬೇಳೆ ಬದ್ಲಾಯಿಸ್ದೆ. ಅಂಗೂ ಜನ ಬತ್ತಾ ಇಲ್ಲ. ಭಾನ್ವಾರಕ್ಕೆ ಅರಕಲಗೂಡಿನೋರ ನಾಮಕರಣದ್ದು ಒಂದೈತೆ. ಇದೂ ಕೆಟ್ರೆ ಒಲೆ ಆರಿಸ್ಬುಡ್ತೀನಿ."

ಒಬ್ಬಟ್ಟು ಬಿಟ್ಟ ಅತ್ತಿಗೆಯನ್ನು ನನಗೆ ಊಹಿಸಿಕೊಳ್ಳುವುದಕ್ಕೂ ಆಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಮನೆಯಾಕೆ ಪ್ರೀತಿಯಿಂದ ತುಪ್ಪ ಸುರಿದು ಬಡಿಸುವಾಗ ತಪ್ಪು ಹೇಳುವ ಅಭ್ಯಾಸ ನಮ್ಮ ಕಡೆ ಎಲ್ಲಿದೆ? (ಹೇಳುವುದೆಲ್ಲ ಗೇಟು ದಾಟಿದ ಮೇಲೆ.)

ಊಟವಾದ ಮೇಲೆ ಅತ್ತಿಗೆ ಅಡುಗೆಮನೆ ತೊಳೆಯಲು ನಿಂತರು. ಹೂರಣದ ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಆ ಹುಳಿ ನೀರು ಗ್ರಾನೈಟ್ ಕಟ್ಟೆಯ ಮೇಲೆ ಹರಿದಿತ್ತು. ಒಬ್ಬಟ್ಟು ತಟ್ಟುವುದೂ ಅದೇ ಕಟ್ಟೆಯ ಮೇಲೆ. ಆಮೇಲೆ ಮೂಲೆಯಿಂದ ಒಂದು ಬಾಟಲಿ ತೆಗೆದು ಗಳಗಳ ಸುರಿದೇಬಿಟ್ಟರು.

ನನಗೆ ಉಸಿರು ಕಟ್ಟಿತು. ಕಣ್ಣಲ್ಲಿ ನೀರು, ತಡೆಯಲಾರದ ಕೆಮ್ಮು. ಅತ್ತಿಗೆಯ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಬಂದೆ. ಅವರೂ ಕೆಮ್ಮುತ್ತಿದ್ದರು. ಆದರೆ ಮುಖದಲ್ಲಿ ಗಾಬರಿಯೇ ಇಲ್ಲ.

"ನಂಗೂ ದಿನಾ ಇಂಗೇ ಕಣ್ಣುರಿ ಬತ್ತದೆ. ಕಾವಲಿ ಒಗೆ ಇರ್ಬೇಕು."

ಹೊಗೆಯೇ? ಇಂಥ ಘಾಟು ಮೂಗಿಗೆ ಬಡಿಯಲಿಲ್ಲವೇ?

ಗಾಳಿಯಾಡಿದ ಮೇಲೆ ಒಳಗೆ ಹೋಗಿ ಬಾಟಲಿ ನೋಡಿದೆ. ನಿಂಬೆ ಪರಿಮಳದ ಬ್ಲೀಚ್. ನೆಲಕ್ಕೆ, ಬಚ್ಚಲಿಗೆ ಅಂತ ಲೇಬಲ್ಲಿನಲ್ಲೇ ಬರೆದಿದೆ. ಮಳೆಗಾಲದಲ್ಲಿ ಬೀದಿಯಲ್ಲಿ ವಾಂತಿಭೇದಿ ಶುರುವಾದಾಗ ತಂದದ್ದಂತೆ. ಯಾರಾದರೂ 'ಜಯಮ್ಮನ ಒಬ್ಬಟ್ಟು ತಿಂದು ಹಿಂಗಾಯ್ತು' ಅಂದುಬಿಟ್ಟರೆ? ಆ ಭಯಕ್ಕೆ.

"ಎಷ್ಟು ಹಾಕ್ತೀರಿ ಅತ್ಗೆ?"

"ವಾಸ್ನೆ ಬರೋಗಂಟ. ವಾಸ್ನೆ ಬಂದ್ರೆ ತಾನೆ ಕ್ಲೀನ್ ಆದಂಗೆ?"

"ಈಗ ಬಂತಾ?"

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಬರಾದಿಲ್ಲ ಕಣವ್ವ. ಆ ಕೊರೊನಾ ಬಂದೋದ್ಮೇಲೆ ನಂಗೆ ವಾಸ್ನೇನೆ ತಿಳೀದು. ಏಲಕ್ಕಿನೂ ಅಂದಾಜಿನ್ ಮ್ಯಾಲೇ ಆಕಾದು. ಒಬ್ಬಟ್ಟು ಮಾಡೋಳಿಗೆ ಮೂಗಿಲ್ಲ ಅಂದ್ರೆ ಯಾರ್ ಕೊಳ್ತಾರೆ? ಅದ್ಕೇ ಯಾರ್ಗೂ ಏಳ್ನಿಲ್ಲ."

ನನಗೆ ಅಳು ಬಂತು. (ಈ ಸಲ ಬ್ಲೀಚಿನಿಂದಲ್ಲ.) ಅವರ ಕೈ ಹಿಡಿದು ಕೂರಿಸಿ, ಒಬ್ಬಟ್ಟಿನ ವಾಸನೆಯ ವಿಷಯ ಹೇಳಿದೆ. ಪೇಪರ್ ಓದುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ. "ಈ ವಾಸನೆ ನಿಂಗೆ ಗೊತ್ತಿತ್ತೇನಣ್ಣ?" ಅಂದೆ. "ಗೊತ್ತಿತ್ತು. ಬೇಜಾರ್ ಮಾಡ್ಕತಾಳೆ ಅಂತ ಸುಮ್ಕಿದ್ದೆ" ಅಂದ.

ಹಾಸನದ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವ ಗೆಳತಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಮೊದಲು ನನಗೆ ಬೈದಳು. ಹುಣಸೆ, ನಿಂಬೆ, ಟಾಯ್ಲೆಟ್ ಕ್ಲೀನರ್, ಯಾವ ಹುಳಿಗೆ ಬ್ಲೀಚ್ ತಾಗಿದರೂ ವಿಷದ ಗಾಳಿ ಏಳುತ್ತದಂತೆ. ಎಂದೂ ಸೇರಿಸಬಾರದು. ಆಮೇಲೆ ದಾರಿ ಹೇಳಿದಳು. ಪರಿಮಳ, ನೊರೆ ಏನೂ ಇಲ್ಲದ ಸಾದಾ ಕ್ಲೋರಿನ್ ದ್ರಾವಣ ತರಬೇಕು. ಆಹಾರ ತಾಗುವ ಜಾಗಕ್ಕೂ ಬಳಸಬಹುದು ಅಂತ ಲೇಬಲ್ಲಿನಲ್ಲಿ ಇರಲೇಬೇಕು. ಮೊದಲು ಸೋಪು ಹಾಕಿ ತೊಳೆಯಬೇಕು, ಜಿಡ್ಡಿದ್ದರೆ ಕ್ಲೋರಿನ್ ಅದರ ಜೊತೆಗೇ ಗುದ್ದಾಡಿ ಸುಸ್ತಾಗುತ್ತದೆ. ಆಮೇಲೆ ಲೇಬಲ್ ಹೇಳಿದಷ್ಟನ್ನೇ ತಣ್ಣೀರಿಗೆ ಬೆರೆಸಿ ಒರೆಸಬೇಕು, ತಾನಾಗಿ ಒಣಗಲು ಬಿಡಬೇಕು. ನಿನ್ನೆ ಬೆರೆಸಿಟ್ಟದ್ದು ಇವತ್ತಿಗೆ ಬೇಡ.

"ಜಾಸ್ತಿ ಹಾಕಿದರೆ ಜಾಸ್ತಿ ಕ್ಲೀನ್ ಅಲ್ಲ ಕಣೆ. ಜಾಸ್ತಿ ವಿಷ, ಅಷ್ಟೇ" ಅಂದಳು.

ಸರಿ, ಆದರೆ ವಾಸನೆ ತಿಳಿಯದವರಿಗೆ ಹದ ಹೇಗೆ ತಿಳಿಯಬೇಕು? ಅದಕ್ಕೂ ಉಪಾಯವಿತ್ತು. ಹೋಟೆಲ್ ಸಾಮಾನಿನ ಅಂಗಡಿಯಲ್ಲಿ ಟೆಸ್ಟ್ ಸ್ಟ್ರಿಪ್ ಸಿಗುತ್ತದೆ. ನೀರಿಗೆ ಅದ್ದಿದರೆ ಆ ಕಾಗದದ ಪಟ್ಟಿಯ ಬಣ್ಣ ಬದಲಾಗುತ್ತದೆ. ಅದನ್ನು ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಿದರಾಯಿತು. ಮೂಗು ಬೇಡ, ಕಣ್ಣು ಸಾಕು.

ದ್ರಾವಣ, ಸ್ಟ್ರಿಪ್ ಎರಡನ್ನೂ ಹಾಸನದಿಂದ ಕೊಂಡು ಕಳಿಸಿದೆ. ನಾಮಕರಣಕ್ಕೆ ಒಬ್ಬಟ್ಟು ಹೋಯಿತು. ಆ ಭಾನುವಾರ ನನಗೆ ಊಟ ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತಿಗೆಯ ಫೋನ್.

"ಅರಕಲಗೂಡಿನೋರು ಮಾತಾಡುದ್ರು ಕಣವ್ವ. ಒಂದೂ ಉಳೀನಿಲ್ವಂತೆ. ಇನ್ನೊಬ್ ಸೊಸೆ ಸೀಮಂತಕ್ಕೂ ನಂಗೇ ಏಳವ್ರೆ."

"ಒಳ್ಳೇದಾಯ್ತಲ್ಲ ಅತ್ಗೆ!"

"ಆಯ್ತು. 'ಈ ಸಲ ಆ ಔಷ್ದಿ ವಾಸ್ನೆ ಇರ್ನಿಲ್ಲ ಜಯಮ್ಮೋರೆ' ಅಂದ್ರು. ಅಂದ್ರೆ ಇಷ್ಟ್ ದಿನ ಎಲ್ರಿಗೂ ಗೊತ್ತಿತ್ತು."

ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಲ್ಲ ಕಣವ್ವ, ನಂಗೆ ಮೂಗಿರ್ನಿಲ್ಲ ಸರಿ. ನಿಮ್ಗೆಲ್ಲ ಬಾಯಿರ್ನಿಲ್ವಾ?"