ಅಪ್ಪ ಕಟ್ಟಿದ ಗಂಟು ಮುದ್ದೆ

೧೯೪೨ರಲ್ಲಿ ನಾನು ಮಳವಳ್ಳಿಯ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಆಯಾ ಆಗಿದ್ದೆ. ಓದಿದ್ದು ಎರಡನೇ ಕ್ಲಾಸು. ಗುಡಿಸುವುದು, ಗಂಜಿ ಕುಡಿಸುವುದು, ಡಾಕ್ಟರಮ್ಮ ಹೇಳಿದ್ದನ್ನು ಮಾಡುವುದು, ಅಷ್ಟೇ ನನ್ನ ಕೆಲಸ. ಎಷ್ಟೋ ಕೇಸು ನೋಡಿದೆ, ಮರೆತೂಬಿಟ್ಟೆ. ಇದೊಂದು ಮಾತ್ರ ನನ್ನ ಮೊಮ್ಮಗಳದು. ಬರೆಯಲೆಂದು ಕೂತರೆ ಖುಷಿಗೆ ಕೈಯೇ ಓಡುವುದಿಲ್ಲ, ನೋಡಿ.

ಕೆಂಪಿ ನನ್ನ ಮಗಳಾದ ಸಾಕಮ್ಮನ ಮಗಳು. ಆಗ ಅವಳಿಗೆ ಹದಿನೈದು. ಅಳಿಯ ಬೋರಯ್ಯ ಹಲಗೂರಿನಿಂದ ಗಾಡಿಯಲ್ಲಿ ಕರೆತಂದ. ಇಳಿಸಿಕೊಂಡರೆ ನನ್ನ ಕೈಗೆ ಬರೀ ಮೂಳೆ ಸಿಕ್ಕಿತು. ಮುಟ್ಟು ನಿಂತು ತಿಂಗಳುಗಳಾಗಿದ್ದವು. ಗಾಳಿ ಸೋಕಿದೆಯೆಂದು ಊರಿನಲ್ಲಿ ತಾಯಿತ ಕಟ್ಟಿಸಿದ್ದರು. ಡಾಕ್ಟರಮ್ಮ ನಾಡಿ ಹಿಡಿದು, ಎದೆಗೆ ಕೊಳವೆ ಇಟ್ಟು ನೋಡಿ, ಕ್ಷಯವಲ್ಲ, ಜಂತುವೂ ಅಲ್ಲ, ಹುಡುಗಿ ಉಣ್ಣುತ್ತಿಲ್ಲ ಎಂದರು. ಹೀಗೇ ಬಿಟ್ಟರೆ ಜೀವ ಉಳಿಯುವುದಿಲ್ಲ ಎಂದೂ ಹೇಳಿದರು.

ಬೋರಯ್ಯ ಒಪ್ಪಲಿಲ್ಲ. ಮನೆಗೆಲ್ಲ ಬೇಯಿಸಿ ಇಕ್ಕುವವಳೇ ಅವಳು, ಅವಳ ಕೈಯ ಮುದ್ದೆ ಬೆಣ್ಣೆಯ ಹಾಗಿರುತ್ತದೆ, ಅಂಥವಳು ಉಣ್ಣದೆ ಇರುತ್ತಾಳೆಯೇ ಎಂದ.

“ಅವಳು ಉಣ್ಣುವುದನ್ನು ನೀನು ಕಡೆಯ ಸಲ ನೋಡಿದ್ದು ಯಾವಾಗ?” ಎಂದರು ಡಾಕ್ಟರಮ್ಮ.

“ನಾನೆಲ್ಲಿ ನೋಡ್ಲವ್ವ? ಗಂಡಸ್ರು ಉಂಡು ಎದ್ದೋದ್ ಮ್ಯಾಕಲ್ವಾ ಎಣ್ಮಕ್ಳು ಉಣ್ಣಾದು.”

ಸಾಕಮ್ಮನೂ ನೋಡಿರಲಿಲ್ಲ. ಅವಳು ಕೂರುವ ಹೊತ್ತಿಗೆ ನಾನಾಗಲೇ ಉಂಡೆ ಎನ್ನುತ್ತಿದ್ದಳಂತೆ ಮಗಳು. ಎಲ್ಲರಿಗೂ ಇಕ್ಕುವವಳನ್ನು ನೀನು ಉಂಡೆಯಾ ಎಂದು ಯಾರು ಕೇಳುತ್ತಾರೆ? ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ದಪ್ಪ ಎಂದಿದ್ದರೆಂದು ಸಾಕಮ್ಮ ಅತ್ತಳು. ಯಾರ ತಪ್ಪು ಎನ್ನುವುದು ಆಮೇಲೆ, ಮೊದಲು ಊಟ ಎಂದರು ಡಾಕ್ಟರಮ್ಮ.

ಶೀಶೆಯ ಔಷಧಿ ಕೊಡಲಿಲ್ಲ. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲೇ ಉಳಿದು, ಹಿತ್ತಿಲ ಒಲೆಯಲ್ಲಿ ಬೇಯಿಸಿಕೊಳ್ಳಬೇಕು. ಪ್ರತಿ ಊಟಕ್ಕೂ ಮಗಳನ್ನು ನಡುವೆ ಕೂರಿಸಿಕೊಂಡು ಉಣ್ಣಬೇಕು. ಎಷ್ಟು ಉಣ್ಣಬೇಕೆಂದು ಹೆತ್ತವರು ಹೇಳಬೇಕು, ಅವಳಲ್ಲ. ಗೋಗರೆಯಬಾರದು, ಹೊಡೆಯಬಾರದು. ಹುಡುಗಿ ಸದ್ಯಕ್ಕೆ ಒಲೆಯ ಹತ್ತಿರ ಹೋಗಬಾರದು. “ಸಿಟ್ಟು ಬಂದರೆ ಕಾಯಿಲೆಯ ಮೇಲೆ ಬರಲಿ, ಮಗಳ ಮೇಲೆ ಬೇಡ” ಎಂದರು.

ಮೊದಲು ಕೆಂಪಿ ತುತ್ತನ್ನು ಸೆರಗಿನಲ್ಲಿ ಬಚ್ಚಿಟ್ಟಳು, ಅತ್ತಳು, ಅಪ್ಪನನ್ನು ಬೈದಳು. ಅಷ್ಟರಲ್ಲಿ ಸಾಕಮ್ಮ ಮುಟ್ಟಾಗಿ ಜಗಲಿಯಲ್ಲಿ ಕೂತಳು, ಒಲೆ ಮುಟ್ಟುವಂತಿಲ್ಲ. ನನಗೆ ಡ್ಯೂಟಿ. ಹುಟ್ಟಿದಾರಭ್ಯ ಹಿಟ್ಟಿನ ಕೋಲು ಹಿಡಿಯದ ಬೋರಯ್ಯನೇ ಮುದ್ದೆ ತಿರುವಿದ. ಆ ಮುದ್ದೆಯೋ, ದೇವರಿಗೇ ಪ್ರೀತಿ.

“ನೀನುಣ್ಣಪ್ಪ, ನಾನು ಆಮ್ಯಾಕೆ ಉಣ್ತೀನಿ” ಎಂದಳು ಕೆಂಪಿ.

“ಆಮ್ಯಾಕೆ ಅನ್ನಾದು ಇನ್ಮ್ಯಾಕಿಲ್ಲ ಕಣವ್ವ. ನೀನು ಏಳಗಂಟ ನಾನೂ ಏಳಾಕಿಲ್ಲ.”

ಸಾರು ಆರಿತು. ಗಾಡಿಯ ಎತ್ತು ಹೊರಗೆ ಕೊರಳ ಗಂಟೆ ಅಲ್ಲಾಡಿಸುತ್ತಿತ್ತು. ಅವನು ಕದಲಲಿಲ್ಲ. ಕಡೆಗೆ ಅವಳು ಒಂದು ಚೂರು ಮುರಿದು ನೋಡಿದಳು. ಒಳಗೆ ಹಸಿ ಹಿಟ್ಟು.

“ಇದೇನಪ್ಪ, ಒಳ್ಗೆಲ್ಲ ಗಂಟು. ಎತ್ತೂ ಮೂಸಾಕಿಲ್ಲ.”

“ಎತ್ತಿಗೆ ಬ್ಯಾರೆ ಇಕ್ತೀನಿ. ನೀನು ನುಂಗು.”

ಜಗಲಿಯಿಂದ ಸಾಕಮ್ಮ ಕಿಸಕ್ಕನೆ ನಕ್ಕಳು. ಕೆಂಪಿಯ ತುಟಿಯೂ ಅರಳಿತು. ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದಳು. ಆಮೇಲೆ ಇನ್ನೊಂದು. ಬಾಗಿಲ ಮರೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ನಾನು ಗುಡಿಸುವುದನ್ನೇ ಮರೆತೆ.

ಅಂದೇ ವಾಸಿಯಾಗಲಿಲ್ಲ. ಮಾರನೇ ದಿನ ತಟ್ಟೆ ಎಸೆದಳು. ಅವನು ಬೈಯದೆ ಇನ್ನೊಂದು ಮುದ್ದೆ ಇಟ್ಟ. ತೂಕ ನಿಧಾನವಾಗಿ ಏರಿತು. ಊರಿಗೆ ಹೋದ ಮೇಲೂ ಮೂವರೂ ಜೊತೆಗೇ ಕೂರುತ್ತಿದ್ದರು. ಬೋರಯ್ಯ ಹೆಂಗಸರ ಪಂಕ್ತಿಗೆ ಸೇರಿದನೆಂದು ನೆಂಟರು ಆಡಿಕೊಂಡರು. ತನಗೆ ಅಲ್ಲೇ ಬಿಸಿಯಾಗಿ ಸಿಗುತ್ತದೆ ಎಂದನಂತೆ ಅವನು. ಕೆಂಪಿಗೆ ಮುಟ್ಟು ಮರಳಿದ ಮೇಲೆ ಡಾಕ್ಟರಮ್ಮ, ಇನ್ನು ಎಷ್ಟು ಉಣ್ಣಬೇಕೆನ್ನುವುದನ್ನು ಅವಳಿಗೇ ಬಿಡಿ ಎಂದರು.

ಅಲ್ಲಿಂದಾಚೆ ವಾರ್ಡಿನಲ್ಲಿ ಯಾರಾದರೂ ರೋಗಿ ಉಂಡಳು ಎಂದರೆ, ಕಂಡವರು ಯಾರು ಎಂದು ಕೇಳುತ್ತಿದ್ದೆ. ಯಾರೂ ಕಂಡಿಲ್ಲವೆಂದರೆ ಗಂಜಿಯ ಲೋಟ ಹಿಡಿದು ಅವಳ ಪಕ್ಕ ನಾನೇ ಕೂರುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಅದೊಂದೇ.

ಆ ವರ್ಷ ಸುಗ್ಗಿಯಲ್ಲಿ ಹಲಗೂರಿಗೆ ಹೋಗಿದ್ದೆ. ನಾಲ್ವರೂ ಕೂತಿದ್ದೆವು. ಕೆಂಪಿ ಮುದ್ದೆ ಮುರಿಯುತ್ತಾ, ನನ್ನ ಕಡೆ ನೋಡದೆಯೇ ಕೈ ಚಾಚಿದಳು.

“ಅಜ್ಜಿ, ಸಾರು ಈ ಕಡೀಕೆ ತಳ್ಳು. ನೀನೊಬ್ಳೇ ಉಣ್ತಿದ್ದೀಯಲ್ಲ.”